ಮನೋಜಣ್ಣನ ಬಾಯಿಗಿಟ್ಟ ಚಿನ್ನದ ಹಣ

ಊಟಿ
8 ಮಾರ್ಚ್ 2026, ಭಾನುವಾರ

ಜೀವಿತಾ, ನನ್ನ ಬಂಗಾರಿ,

ಹೋದ ಭಾನುವಾರ ನೀನು ಫೋನ್ ಮಾಡಿದಾಗ ಸಿಗ್ನಲ್ ಹೋಗಿರಲಿಲ್ಲ. ನಾನೇ ಕಟ್ ಮಾಡಿದೆ. ಲವ್‌ಡೇಲ್ ಹತ್ತಿರ ಬಸ್ಸಿನಲ್ಲಿದ್ದೆ, ಟವರ್ ಸಿಗಲಿಲ್ಲ ಅಂತ ಆಮೇಲೆ ಮೆಸೇಜ್ ಹಾಕಿದೆನಲ್ಲ, ಅದೂ ಸುಳ್ಳು. ರೂಮಿನಲ್ಲಿ ಮಂಚದ ಮೇಲೆ ಕೂತಿದ್ದೆ. ನಾನು ಸಹಿ ಹಾಕುವಾಗ ಅವರಿಗೆ ಜೀವ ಇತ್ತಾ ಗೀತಾ ಅಂತ ನೀನು ಕೇಳಿದೆ. ಅಷ್ಟಕ್ಕೇ ಕೆಂಪು ಬಟನ್ ಒತ್ತಿಬಿಟ್ಟೆ.

ಇರಲಿಲ್ಲ ಕಣೇ. ಮೊದಲು ಅದನ್ನೇ ಬರೆದುಬಿಡುತ್ತೇನೆ. ನೀನು ಅಂಗಾಂಗ ದಾನದ ಕಾಗದಕ್ಕೆ ಸಹಿ ಹಾಕುವಾಗ ಮನೋಜಣ್ಣನಿಗೆ ಜೀವ ಇರಲಿಲ್ಲ. ಇಷ್ಟು ಹೇಳುವುದಕ್ಕೆ ನನಗೆ ಒಂದು ವಾರ ಯಾಕೆ ಬೇಕಾಯಿತು ಅನ್ನುವುದೇ ಈ ಕಾಗದ. ಮೈಸೂರಿನ ಹಾಸ್ಟೆಲಿನಲ್ಲಿ ನಿನ್ನ ಕೈ ಹಿಡಿದು ಕನ್ನಡ ತಿದ್ದಿಸಿದ್ದು ಇಂಥದ್ದನ್ನು ಓದಿಸುವುದಕ್ಕಲ್ಲ, ದೇವರಾಣೆ.

ಗಂಡ ಹೋಗಿ ಒಂದೂವರೆ ತಿಂಗಳು. ನೀನು ಕೆತ್ತಿಯ ತವರಿನಲ್ಲಿ ಮೂಲೆ ಹಿಡಿದು ಕೂತಿದ್ದೀಯ. ನಿನ್ನ ಅತ್ತೆ ತಂಗಮ್ಮ ಮಾಮಿ ಇಡೀ ಹಟ್ಟಿಯ ಎದುರು ಏನಂದರು ಅಂತ ನಿನಗೆ ನೆನಪಿಸಬೇಕಾಗಿಲ್ಲ. ಎನ್ನ ಮಗ ನಾ ಕೊಟ್ಟ ಚಿನ್ನದ ಹಣವ ನುಂಗಿದ, ಸತ್ತವ ನುಂಗುವನಾ, ಇವಳು ಜೀವ ಇದ್ದವನ ಕೊಯ್ಯ ಕೊಟ್ಟಳು ಅಂದರು. ಅಂಗಾಂಗ ಕೊಟ್ಟವರಿಗೆ ಸರ್ಕಾರದ ಮರ್ಯಾದೆ ಅಂತ ಅಧಿಕಾರಿಗಳು ಹೂವಿನ ಹಾರ ತಂದಿಟ್ಟಾಗ ಮುಖ ತಿರುಗಿಸಿದರು. ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದಕ್ಕೆ ಸಾಕ್ಷಿ ಯಾರು ಗೊತ್ತಾ? ನಾನು. ನುಂಗಿದ ಅಂತ ಅವರಿಗೆ ಹೇಳಿದವಳು ನಾನೇ.

ಆ ದಿನ ಬೆಳಿಗ್ಗೆ ಹತ್ತಕ್ಕೆ ನಮ್ಮ ಐಸಿಯುವಿನಲ್ಲಿ, ಮಿದುಳು ಸತ್ತಿದೆಯಾ ಅಂತ ನೋಡುವ ಮೊದಲ ಪರೀಕ್ಷೆ. ನಿನ್ನನ್ನು ಹೊರಗೆ ಕೂರಿಸಿದ್ದೆವು. ನಾಲ್ಕು ಜನ ಡಾಕ್ಟರು, ಮುಂದೆ ಸುರೇಂದ್ರನ್ ಡಾಕ್ಟರ್, ಟ್ರೇ ಹಿಡಿದು ನಾನು. ಬೇರೆ ಸಿಸ್ಟರನ್ನು ಕಳಿಸಲಾ ಅಂತ ಅವರು ಕೇಳಿದರು, ಬೇಡ ಸಾರ್ ಅಂದೆ. ನನ್ನ ಜಂಬ. ಮನೋಜಣ್ಣನ ರೆಪ್ಪೆಯನ್ನು ನಾನೇ ಎತ್ತಿ ಹಿಡಿದೆ. ಟಾರ್ಚ್ ಬಿಟ್ಟರು. ನಿಮ್ಮ ಮದುವೆಯ ಆಲ್ಬಮಿನಲ್ಲಿ ಒಂದು ಫೋಟೋದಲ್ಲೂ ಕಣ್ಣು ಬಿಟ್ಟಿಲ್ಲ ಅಂತ ನಾವು ಎಷ್ಟು ಆಡಿಕೊಂಡಿಲ್ಲ ಹೇಳು, ಫ್ಲಾಶ್ ಅಂದರೆ ಸಾಕು ಮುಚ್ಚುತ್ತಿದ್ದ ಮನುಷ್ಯ. ಕಣ್ಣಿನ ಪಾಪೆ ಕುಗ್ಗಲಿಲ್ಲ. ಹತ್ತಿಯ ಎಳೆಯಿಂದ ಕಣ್ಣುಗುಡ್ಡೆ ಮುಟ್ಟಿದರು, ರೆಪ್ಪೆ ಮಿಟುಕಲಿಲ್ಲ. ಹುಬ್ಬಿನ ಮೂಳೆ ಒತ್ತಿದರು, ಮುಖ ಕಿವುಚಲಿಲ್ಲ. ಕಿವಿಗೆ ಐಸ್ ನೀರು ಬಿಟ್ಟರು, ಕಣ್ಣು ಹೊರಳಲಿಲ್ಲ. ಗಂಟಲೊಳಗೆ ಟ್ಯೂಬ್ ಆಡಿಸಿದರು, ಕೆಮ್ಮಲಿಲ್ಲ, ಓಕರಿಸಲಿಲ್ಲ. ಇದೆಲ್ಲ ನಾವು ಬೇಕು ಅಂತ ಮಾಡುವುದಲ್ಲ ಜೀವಿತಾ, ಮಿದುಳಿನ ಬುಡ ಬದುಕಿದ್ದರೆ ತಾನಾಗಿ ಆಗುವಂಥದ್ದು. ಒಂದೂ ಆಗಲಿಲ್ಲ. ಆದರೂ ಒಂದೇ ಸಲಕ್ಕೆ ತೀರ್ಮಾನ ಮಾಡುವ ಹಾಗಿಲ್ಲ, ಆರು ಗಂಟೆ ಬಿಟ್ಟು ಇನ್ನೊಮ್ಮೆ ನೋಡಬೇಕು.

ಆ ಆರು ಗಂಟೆಯ ನಡುವೆ ನಿನ್ನ ಮಾಮಿ ಒಳಗೆ ಬಂದರು. ನಿಮ್ಮ ಬಡಗರಲ್ಲಿ ಜೀವ ಹೋಗುವ ಮುಂಚೆ ಬೆಣ್ಣೆಯಲ್ಲಿ ಅದ್ದಿದ ಚಿನ್ನದ ಹಣ, ಒಂದು ಪುಟ್ಟ ನಾಣ್ಯ, ನುಂಗಿಸುತ್ತಾರೆ, ಆಗದಿದ್ದರೆ ತೋಳಿಗೆ ಕಟ್ಟುತ್ತಾರೆ ಅಂತ ನೀನೇ ಒಮ್ಮೆ ಹೇಳಿದ್ದೆ. ಮೂರು ದಿನದಿಂದ ಅದು ಅವರ ಸೊಂಟದ ಗಂಟಿನಲ್ಲಿತ್ತಂತೆ. ನಿನ್ನ ಭಾವ, ಹಾಲಿ ಅವರು, ಕೊಡೋಣವಾ ಅಂತ ಎರಡು ಸಲ ಕೇಳಿದ್ದರು. ಕೊಟ್ಟರೆ ಹೋಗು ಅಂದ ಹಾಗೆ, ನಾ ಹೇಳೆ ಅಂತ ಮಾಮಿ ಹಟ ಹಿಡಿದಿದ್ದರು. ಆವತ್ತು ಯಾಕೋ ಮನಸ್ಸು ಮಾಡಿದರು. ತೋಳಿಗೆ ಕಟ್ಟೋಣ ಅವ್ವೆ ಅಂದೆ. ಕೇಳಲಿಲ್ಲ. ಟ್ಯೂಬಿನ ಪಕ್ಕ ಬೆರಳು ತೂರಿಸಿ ಕೆನ್ನೆಯೊಳಗೆ ಇಟ್ಟರು. ಕಡಲೆಬೇಳೆಯಷ್ಟು ಹಣ. ತಡೆಯಬೇಕಿತ್ತು, ಅದು ನನ್ನ ಕೆಲಸ. ಹೆತ್ತವಳ ಕೈ ಹಿಡಿದು ಎಳೆಯಲು ನನ್ನಿಂದ ಆಗಲಿಲ್ಲ.

ಅವರು ಹೊರಗೆ ಹೋದ ಮೇಲೆ ಬಾಯಿ ಸ್ವಚ್ಛ ಮಾಡುವಾಗ ಇಟ್ಟಲ್ಲೇ ಇತ್ತು. ಇಕ್ಕಳದಲ್ಲಿ ತೆಗೆದು ಒರೆಸಿ ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡೆ. ಬಾಗಿಲಲ್ಲಿ ಮಾಮಿ ಕಾಯುತ್ತಿದ್ದರು. ಹೋತಾ ಅಂತ ಕೇಳಿದರು. ಹೋಯಿತು ಅವ್ವೆ, ನುಂಗಿದ ಅಂದೆ. ಅಯ್ಯೋ, ಆ ಮುಖ ನೀನು ನೋಡಬೇಕಿತ್ತು. ಮೂರು ದಿನದಿಂದ ನೀರು ಮುಟ್ಟದವರು ಬೆಂಚಿನ ಮೇಲೆ ಕೂತು ಒಂದು ಇಡ್ಲಿ ತಿಂದರು. ಎಂಥ ಒಳ್ಳೆಯ ಕೆಲಸ ಮಾಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಾಲ್ಕೂವರೆಗೆ ಎರಡನೇ ಸಲ. ಅದೇ ಟಾರ್ಚ್, ಅದೇ ಹತ್ತಿ, ಅದೇ ಐಸ್ ನೀರು. ಕೊನೆಗೆ ಉಸಿರಿನ ಮೆಷಿನ್ನಿನಿಂದ ಬಿಡಿಸಿ, ಟ್ಯೂಬಿನಲ್ಲಿ ಆಮ್ಲಜನಕ ಮಾತ್ರ ಬಿಟ್ಟು, ಶರ್ಟು ಸರಿಸಿ ಎದೆಯನ್ನೇ ನೋಡುತ್ತ ನಿಂತೆವು. ಎಂಟು ನಿಮಿಷ. ಗಡಿಯಾರ ನೋಡಿದ್ದು ಸುರೇಂದ್ರನ್ ಡಾಕ್ಟರ್, ಎದೆ ನೋಡಿದ್ದು ನಾನು. ಮನಸ್ಸಿನಲ್ಲಿ ಬೈದೆ, ಒಂದು ಸಲ ಎಳೆದುಕೋ ಮಾರಾಯ, ಒಂದೇ ಸಲ ಅಂತ. ಎದೆ ಏಳಲಿಲ್ಲ. ಆ ಎಂಟು ನಿಮಿಷದ ಕೊನೆಗೆ ತೆಗೆದ ರಕ್ತದ ರಿಪೋರ್ಟ್ ಬಂದ ಹೊತ್ತನ್ನೇ ಹೋದ ಹೊತ್ತು ಅಂತ ಬರೆದರು. ನೀನು ಸಹಿ ಹಾಕಿದ್ದು ಅದಾಗಿ ಒಂದು ಗಂಟೆಯ ಮೇಲೆ. ನೀನು ಪಾದ ಹಿಡಿದುಕೊಂಡಾಗ ಹೆಬ್ಬೆರಳು ಅಲುಗಿತು ಅಂದೆಯಲ್ಲ, ಅದು ಬೆನ್ನುಹುರಿಯ ಆಟ. ಮಿದುಳು ಹೋದ ಮೇಲೂ ಹಾಗೆ ಆಗುವುದುಂಟು. ಅವನು ನಿನ್ನನ್ನು ಕರೆದದ್ದಲ್ಲ. ನೀನು ಇದನ್ನು ನಂಬಲೇಬೇಕು.

ಹಟ್ಟಿಯಲ್ಲಿ ಮಾಮಿ ನಿನ್ನನ್ನು ಅಂದಾಗ ನಾನು ಕಾಫಿ ಲೋಟ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಅಂತ ಭಯ. ಹೆತ್ತವಳಿಗೆ ಉಳಿದಿದ್ದ ಒಂದೇ ಸಮಾಧಾನ ಕಿತ್ತುಕೊಳ್ಳಬಾರದು ಅಂತಲೂ ಅಂದುಕೊಂಡೆ. ಆದರೆ ನಿಜ ಹೇಳುತ್ತೇನೆ, ಭಯವೇ ಹೆಚ್ಚು. ಅವರಿಗೆ ನಾನು ಕೊಟ್ಟ ಸಮಾಧಾನದ ಸುಂಕ ನಿನ್ನ ತಲೆ ಮೇಲೆ ಬಿತ್ತು. ನೀನು ತಲೆ ಬಗ್ಗಿಸಿ ಚಪ್ಪಲಿ ಹುಡುಕಿಕೊಂಡು ಹೊರಟೆ. ಅದನ್ನು ನೋಡಿಯೂ ಸುಮ್ಮನಿದ್ದೆನಲ್ಲ, ನಾನೊಬ್ಬ ಗೆಳತಿಯಾ?

ಬುಧವಾರ ನನಗೆ ರಜೆ. ಹಟ್ಟಿಗೆ ಹೋಗಿ ಹಣವನ್ನು ಮಾಮಿಯ ಕೈಗಿಟ್ಟು ಎಲ್ಲ ಹೇಳುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಅದಾದ ಮೇಲೇ ಈ ಕಾಗದ ಅಂಚೆಗೆ. ನೀನು ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಊಟ ಮಾಡು, ಅಷ್ಟೇ.

ನಿನ್ನ ಬಾಯಿಬಡುಕಿ, ಮಾತು ಬೇಕಾದಾಗಲೇ ಬಾಯಿ ಮುಚ್ಚಿದವಳು,
ಗೀತಾಂಜಲಿ

ಮರೆತ ಮಾತಲ್ಲ, ಬುಧವಾರ ಸಂಜೆ ಸೇರಿಸಿದ್ದು: ಹೋಗಿಬಂದೆ. ಹಣವನ್ನು ಕೈಗಿಟ್ಟೆ. ಮಾಮಿ ಆಶ್ಚರ್ಯಪಡಲಿಲ್ಲ. ನೀ ಜೇಬಿಗೆ ಹಾಕಿದ್ದ ಗಾಜಿನಾಚೆಯಿಂದ ನೋಡಿದೆ ಅಂದರು. ಮತ್ತೆ ಯಾಕೆ ಅವ್ವೆ ಆ ಹುಡುಗಿಯನ್ನು ಅಂದಿರಿ ಅಂತ ಕೇಳಿದೆ. ಅವ ನುಂಗಲಿಲ್ಲ ಅಂದರೆ ತಡ ಮಾಡಿದವಳು ನಾ ಆಗುವೆ, ಅದ ಹೊರಲು ಆಗಲಿಲ್ಲ, ಅವಳ ಮೇಲೆ ಇಳಿಸಿದೆ ಅಂದರು. ಆಮೇಲೆ ಟೀ ಸೊಪ್ಪು ತೂಗುವ ಶೆಡ್ಡಿಗೆ ನಡೆದರು, ನಾನು ಹಿಂದೆ. ನಿನ್ನ ಭಾವ ಹಾಲಿಯೂ ಹತ್ತು ಹದಿನೈದು ಹೆಂಗಸರೂ ಫ್ಯಾಕ್ಟರಿ ವ್ಯಾನಿಗೆ ಕಾಯುತ್ತಿದ್ದರು. ಎನ್ನ ಮಗ ನುಂಗಲಿಲ್ಲ, ನಾ ತಡ ಮಾಡಿದೆ, ಜೀವಿತಾಳದ್ದು ತಪ್ಪಿಲ್ಲ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದರು. ಬಸ್ಸು ಬಂದ ಮೇಲೆ ನನ್ನ ಮೊಣಕೈ ಹಿಡಿದು, ಬೆಣ್ಣೆಯಾದರೂ ಕರಗಿತ್ತಾ ಅಂತ ಕೇಳಿದರು. ಕರಗಿತ್ತು ಅವ್ವೆ ಅಂದೆ. ಇದು ಸುಳ್ಳಲ್ಲ ಜೀವಿತಾ. ಮೈ ಇನ್ನೂ ಬೆಚ್ಚಗಿತ್ತು, ಕರಗಿತ್ತು.