ವಾರದ ಪಗಾರ

ಯಲಬುರ್ಗಾ
ಮಾಘ ಮಾಸ, 1938

ಅಳಿಯಂದಿರಾದ ಚಿರಂಜೀವಿ ಅಂದಪ್ಪನವರಿಗೆ ಅತ್ತೆ ವಿರೂಪಾಕ್ಷಮ್ಮನ ಆಶೀರ್ವಾದಗಳು. ಇಲ್ಲಿ ಮಗಳು ಗುರುಲಿಂಗಮ್ಮನೂ ಕೂಸೂ ಆರೋಗ್ಯದಿಂದಿದ್ದಾರೆ.

ಇನ್ನು ಇಸ್ಪೀಟು ಮುಟ್ಟುವುದಿಲ್ಲ, ಹೆಂಡತಿಯನ್ನೂ ಕೂಸನ್ನೂ ಕಳಿಸಿಕೊಡಿರಿ ಎಂದು ಮನೆದೇವರ ಆಣೆ ಇಟ್ಟು ಬರೆದಿದ್ದೀರಿ. ಆಣೆ ನನಗೆ ಬೇಡ. ಹೋದ ಹಂಗಾಮಿನಲ್ಲೂ ಇಟ್ಟಿದ್ದಿರಿ. ಪಗಾರ ಬಂದ ಸಂಜೆಯೇ ಮುರಿದಿರಿ. ಅಂದಿನಿಂದ ಅವರಿಬ್ಬರೂ ನನ್ನ ಮನೆಯಲ್ಲಿದ್ದಾರೆ.

ದೀಪಾವಳಿಗೆ ಬಂದಾಗ ನಿಮ್ಮನ್ನು ನೋಡಿದ್ದೇನೆ. ನಮ್ಮ ಪಡಸಾಲೆಯಲ್ಲೇ ಗಂಡಸರು ಇಸ್ಪೀಟಿನ ಎಲೆ ಹಾಕಿ ಕುಳಿತಿದ್ದರು. ನೀವು ಕೂಸನ್ನು ಎತ್ತಿಕೊಂಡು ಅವರನ್ನು ದಾಟಿ ಹಿತ್ತಲಿಗೆ ಹೋಗುತ್ತಿದ್ದಿರಿ. ಆಗ ನಿಮ್ಮ ಜೇಬು ಬರಿದಾಗಿತ್ತು. ಗಂಗಾವತಿಯ ಅಕ್ಕಿ ಮಿಲ್ಲಿನ ಸಾಹುಕಾರರು ಹಂಗಾಮಿನ ಪಗಾರವನ್ನು ಒಟ್ಟಿಗೆ ಕೈಗಿಟ್ಟ ದಿನ ಮಾತ್ರ ನೀವು ಬೇರೆಯೇ ಮನುಷ್ಯರಾಗುತ್ತೀರಿ.

ನಿಮ್ಮ ಜೊತೆ ನನ್ನ ತಮ್ಮ ಹೇಮಪ್ಪನೂ ಆಡುತ್ತಾನೆ. ಅವನಿಗೆ ನಾಚಿಕೆಯೇ ಇಲ್ಲ. ಸೋತರೆ, "ಹಸಿವಾಗೈತ್ರೋ, ನಾ ಉಣ್ಣಾಕ ಹೊಂಟೆ" ಎಂದು ಎದ್ದು ಬರುತ್ತಾನೆ. ನಿಮಗೆ ಹಾಗೆ ಏಳಲು ಬರುವುದಿಲ್ಲ. "ಯಾಕ್ರಿ ಗುಮಾಸ್ತರ, ಮನ್ಯಾಗ ಬೈತಾರೇನ್ರಿ?" ಎಂದು ಯಾರಾದರೂ ನಕ್ಕರೆ ಸಾಕು, ಉಳಿದದ್ದನ್ನೂ ಪಣಕ್ಕೆ ಇಡುತ್ತೀರಂತೆ. ಅವನೇ ಹೇಳಿದ.

ನಿಮ್ಮ ಸ್ವಭಾವ ಬದಲಿಸುವುದು ನನ್ನಿಂದಾಗದು. ಪಗಾರ ಬರುವ ರೀತಿ ಬದಲಿಸಬಹುದು. ನಿಮ್ಮ ಮಿಲ್ಲಿನ ಹಮಾಲರು ಸಂತೆಯ ದಿನ ಬೆಳಿಗ್ಗೆ ವಾರದ ಕೂಲಿ ಪಡೆಯುತ್ತಾರೆ, ಅರ್ಧ ಹಣ, ಅರ್ಧ ಅಕ್ಕಿ. ನೀವೂ ಹಾಗೆಯೇ ಪಡೆಯಿರಿ. ಹೆಗಲ ಮೇಲೆ ಅಕ್ಕಿ ಹೊತ್ತವನು ನೇರ ಮನೆಗೇ ಬರಬೇಕಾಗುತ್ತದೆ. ಈ ಮಾತನ್ನು ಹಬ್ಬದಲ್ಲಿ ಹೇಳಿದಾಗ, "ಹಮಾಲರ ಸಾಲಿನ್ಯಾಗ ನಾ ನಿಂದ್ರೂದಿಲ್ರಿ ಅತ್ತಿ" ಎಂದು ಊಟದಿಂದ ಎದ್ದು ಹೋದಿರಿ. ಒಟ್ಟಿಗೆ ಪಡೆಯುವುದೇ ಗುಮಾಸ್ತನಿಗೆ ಮಾನವೆಂದು ತಿಳಿದಿದ್ದೀರಿ. ಕೂಸು ಹಾಲಿಲ್ಲದೆ ಅತ್ತದ್ದು ಅದೇ ಗುಮಾಸ್ತರ ಮನೆಯಲ್ಲಿ.

ಆದರೂ ಮಗಳ ಎದುರು ನಿಮ್ಮ ತಲೆ ತಗ್ಗಿಸಲು ನನಗೆ ಮನಸ್ಸಿಲ್ಲ. ನಿನ್ನೆ ಅವಳನ್ನು ಕರೆದು, "ಅಳಿಯಂದಿರು ತಾವ ಸಾಹುಕಾರರ ಹಂತ್ಯಾಕ ಹೋಗಿ ವಾರದ ಪಗಾರ ಕೇಳ್ಯಾರವ್ವ" ಎಂದೆ. ಅವಳು ಕೂಡಲೇ ಒಳಗೆ ಹೋಗಿ ಕೂಸಿನ ಬಟ್ಟೆಗಳನ್ನು ಮಡಿಚತೊಡಗಿದಳು.

ಮಕ್ಕಳಿಗೆ ಸುಳ್ಳು ಹೇಳಿದವಳಲ್ಲ ನಾನು. ಗುರುವಾರ ಅವರಿಬ್ಬರ ಬಂಡಿ ಹೊರಡುತ್ತದೆ. ಅಷ್ಟರೊಳಗೆ ಸಾಹುಕಾರರನ್ನು ಕಂಡು ನನ್ನ ಮಾತನ್ನು ನಿಜ ಮಾಡಿರಿ.

ನೀವು ಮೂವರೂ ಒಂದೇ ಒಲೆಯ ಅನ್ನ ಉಣ್ಣುವಂತಾಗಲಿ ಎಂದು ಹರಸುವ,

ನಿಮ್ಮ ಅತ್ತೆ
ವಿರೂಪಾಕ್ಷಮ್ಮ