ಗುಬ್ಬಿ ಮಿಸ್ಸಿಗೆ ನಾನು ಕೊಟ್ಟ ಕನ್ನಡಕ

ಮಾನ್ಯ ಶಿಶುಪಾಲನಾ ಕೇಂದ್ರಗಳ ಮೇಲ್ವಿಚಾರಣಾಧಿಕಾರಿಗಳೇ,

ನಮ್ಮ ಬಡಾವಣೆಯ ಶಿಶುಪಾಲನಾ ಕೇಂದ್ರದ ಚಿಕ್ಕ ಮಕ್ಕಳ ಕೋಣೆಯಿಂದ ಒಬ್ಬ ಶಿಕ್ಷಕಿಯನ್ನು ಐದು ವಾರಗಳ ಹಿಂದೆ ನೀವು ಮನೆಗೆ ಕಳಿಸಿದ್ದೀರಿ. ನಿಮ್ಮ ಆದೇಶದಲ್ಲಿ ಅದಕ್ಕೆ ಕೊಟ್ಟಿರುವ ಕಾರಣ ಒಂದೇ ಒಂದು ವಾಕ್ಯ. ಆ ವಾಕ್ಯವನ್ನು ಬರೆದವಳು ನಾನು. ವರ್ಷಾಂತ್ಯದ ರಜೆಗೆ ಮುಂಚೆ ಆಕೆಗೆ ಕೊಟ್ಟ ಉಡುಗೊರೆಯ ಜೊತೆ ನಾನು ತುಂಬಿದ ನಮೂನೆಯಿಂದ ಅದನ್ನು ಎತ್ತಿ, ಅಲ್ಪವಿರಾಮವನ್ನೂ ಬಿಡದೆ ನಿಮ್ಮ ಆದೇಶಕ್ಕೆ ಅಂಟಿಸಿಕೊಂಡಿದ್ದೀರಿ. ಹಾಗಾಗಿ ಈ ಪತ್ರವನ್ನು ನಿಮ್ಮ ಮೇಲಿನ ದೂರು ಎಂದು ಓದಿಕೊಳ್ಳಬಹುದು, ನನ್ನ ಮೇಲಿನ ದೂರು ಎಂದೂ ಓದಿಕೊಳ್ಳಬಹುದು. ಇದಕ್ಕೂ ಮುಂಚೆ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ‘ಸ್ವೀಕರಿಸಲಾಗಿದೆ’ ಎಂಬ ಮುದ್ರೆ ಬಿದ್ದಿದೆ, ಮುದ್ರೆಯ ಆಚೆಗೆ ಏನೂ ಆಗಿಲ್ಲ. ಅದಕ್ಕೇ ಈಗ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡವಳು. ಗಂಡ ಬಸ್ ಚಾಲಕ. ನಮ್ಮ ನಾಲ್ಕು ವರ್ಷದ ಮಗಳು ಬೆಳಗ್ಗೆ ಎಂಟಕ್ಕೆ ಆ ಕೇಂದ್ರಕ್ಕೆ ಹೋದರೆ, ಎಲ್ಲ ಮಕ್ಕಳೂ ಮನೆಗೆ ಹೋದ ಮೇಲೆ ಅಲ್ಲಿಂದ ಹೊರಡುತ್ತಾಳೆ. ಸಂಜೆ ಆರಕ್ಕೆ ಕೇಂದ್ರ ಮುಚ್ಚಬೇಕು. ಆರೂ ಕಾಲಿಗೆ ನಾನು ಏದುಸಿರು ಬಿಡುತ್ತಾ ಬಾಗಿಲು ತಳ್ಳಿದರೆ, ಖಾಲಿ ಕೋಣೆಯಲ್ಲಿ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟಿರುತ್ತಾರೆ. ಕೆಳಗೆ ಉಳಿದಿರುವ ಎರಡೇ ಪುಟ್ಟ ಕುರ್ಚಿಗಳಲ್ಲಿ ಒಂದರ ಮೇಲೆ ನನ್ನ ಮಗಳು, ಇನ್ನೊಂದರ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತ ಗುಬ್ಬಿ ಮಿಸ್. ಕೈಗೆ ಬಟ್ಟೆಯ ಗುಬ್ಬಿ ಗೊಂಬೆ ಸಿಕ್ಕಿಸಿಕೊಂಡು ಕಥೆ ಹೇಳುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಅದು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, “ಬಿಡಿ, ನಮ್ಮ ಕಥೆನೂ ಈಗ್ಲೇ ಮುಗೀತು” ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಒಂದು ದಿನವೂ ಗಡಿಯಾರದ ಕಡೆ ನೋಡಿದವರಲ್ಲ.

ಇಂಥವರಿಗೆ ರಜೆಯ ಉಡುಗೊರೆ ಏನು ಕೊಡುವುದು? ಮಕ್ಕಳನ್ನು ಬೇರೆಯವರ ಕೈಗೆ ಒಪ್ಪಿಸಿ ಕೆಲಸಕ್ಕೆ ಹೋಗುವ ತಂದೆತಾಯಿಯರಿಗೆಲ್ಲ ವರ್ಷಕ್ಕೊಮ್ಮೆ ಬರುವ ತಲೆನೋವು ಇದು. ಮೊದಲ ವರ್ಷ ‘ಪ್ರಪಂಚದ ಅತ್ಯುತ್ತಮ ಶಿಕ್ಷಕಿ’ ಎಂದು ಬರೆದ ಕಾಫಿ ಕಪ್ ಕೊಟ್ಟಿದ್ದೆ. ಕೊಡುವಾಗಲೇ ಅವರ ಮೇಜಿನ ಮೇಲೆ ಅಂಥವೇ ನಾಲ್ಕು ಕಪ್ ಇದ್ದವು. ಮಿಕ್ಕಂತೆ ಸುಗಂಧದ ಮೇಣದಬತ್ತಿ, ಸೋಪಿನ ಪೆಟ್ಟಿಗೆ, ಬಣ್ಣದ ಕಾಲುಚೀಲ. ಈ ಸಲ ಪೋಷಕರೆಲ್ಲ ಸೇರಿ ಒಂದು ಒಳ್ಳೆ ಕೈಚೀಲ ಕೊಡೋಣ ಎಂದು ಮಾತಾಡಿಕೊಂಡಾಗ ನಾನು ಸೇರಲಿಲ್ಲ. ಹತ್ತು ಜನರ ಹೆಸರಿನಲ್ಲಿ ನನ್ನ ಹೆಸರೂ ಒಂದಾಗಿ ಕಳೆದುಹೋಗುವುದು ನನಗೆ ಬೇಕಿರಲಿಲ್ಲ. ಹತ್ತು ಜನರಿಗಿಂತ ಹೆಚ್ಚು ಋಣ ನನ್ನ ತಲೆಯ ಮೇಲಿತ್ತು. ದಿನಾ ಸಂಜೆಯ ಆ ಕಾಲು ಗಂಟೆಯನ್ನು ಒಂದೇ ಉಡುಗೊರೆಯಲ್ಲಿ ತೀರಿಸಿಬಿಡಬೇಕು, ತೀರಿಸಿದ್ದು ನಾಲ್ಕು ಜನಕ್ಕೆ ಕಾಣಲೂ ಬೇಕು ಅನ್ನುವ ಆಸೆ. “ಎಲ್ರ ಜೊತೆ ಸೇರ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಗಂಡ ಕೇಳಿದರು.

ವೃತ್ತಿಯ ಚಟ ಕೆಟ್ಟದ್ದು. ಯಾರ ಮುಖ ನೋಡಿದರೂ ಮೊದಲು ಕಣ್ಣು ನೋಡುತ್ತೇನೆ. ಗುಬ್ಬಿ ಮಿಸ್ ಚಿತ್ರದ ಪುಸ್ತಕವನ್ನು ತೋಳು ಪೂರ್ತಿ ಚಾಚಿ ಹಿಡಿಯುತ್ತಿದ್ದರು. ಮಕ್ಕಳಿಗೆ ಚಿತ್ರ ತೋರಿಸಲು ಹಾಗೆ ಹಿಡಿಯುತ್ತಾರೆ ಎಂದು ಉಳಿದವರು ತಿಳಿದಿದ್ದರು, ಹತ್ತಿರದ ಅಕ್ಷರ ಕಾಣುತ್ತಿಲ್ಲ ಎಂದು ನನಗೆ ಗೊತ್ತಾಗಿತ್ತು. ಒಂದು ಸಂಜೆ ನಮ್ಮ ಅಂಗಡಿಯ ಓದುವ ಚೀಟಿಯನ್ನು, ಮೇಲಿಂದ ಕೆಳಕ್ಕೆ ಅಕ್ಷರ ಸಣ್ಣದಾಗುತ್ತಾ ಹೋಗುತ್ತದಲ್ಲ, ಅದನ್ನು ಅವರ ಕೈಗೆ ಕೊಟ್ಟು, “ಹೊಸದಾಗಿ ಅಚ್ಚು ಹಾಕ್ಸಿದೀನಿ, ತಪ್ಪೇನಾದ್ರೂ ಇದ್ಯಾ ನೋಡಿ ಹೇಳಿ” ಎಂದೆ. ಪಾಪ, ನಂಬಿ ಓದಿದರು. ನಾಲ್ಕನೇ ಸಾಲಿಗೆ ನಿಂತು ನಕ್ಕರು. “ಇಲ್ಲಿಂದ ಕೆಳಗೆ ಬರೀ ಇರುವೆ ಸಾಲು ಕಣ್ರೀ.” ನನಗೆ ಅಷ್ಟು ಸಾಕಾಗಿತ್ತು. ಮಾರನೇ ದಿನವೇ ಗಾಜು ಕೂರಿಸಿದೆ. ಮಕ್ಕಳು ಎಳೆದರೂ ಮುರಿಯದ ಮೆತ್ತನೆಯ ಕಟ್ಟು, ಕುತ್ತಿಗೆಗೆ ತೂಗುಹಾಕಿಕೊಳ್ಳಲು ಹಳದಿ ದಾರ. ನನ್ನ ಅಂಗಡಿಯಿಂದ ಅಷ್ಟು ಅಕ್ಕರೆಯಿಂದ ಹೋದ ಕನ್ನಡಕ ಇನ್ನೊಂದಿಲ್ಲ.

ಈಗ ನಿಮ್ಮ ನಮೂನೆಯ ವಿಷಯಕ್ಕೆ ಬರುತ್ತೇನೆ. ಶಿಕ್ಷಕಿಯರಿಗೆ ಕೊಡುವ ಪ್ರತಿಯೊಂದು ಉಡುಗೊರೆಯ ಜೊತೆಯೂ ‘ಉಡುಗೊರೆ ಘೋಷಣಾ ನಮೂನೆ’ಯನ್ನು ತುಂಬಿಕೊಡಬೇಕು ಎಂಬುದು ಕಳೆದ ವರ್ಷದಿಂದ ನಿಮ್ಮ ಕಚೇರಿಯ ಅಪ್ಪಣೆ. ಒಂದು ಜೊತೆ ಕಾಲುಚೀಲದಿಂದ ಒಬ್ಬ ಶಿಕ್ಷಕಿ ಭ್ರಷ್ಟಳಾಗಿಬಿಟ್ಟಾಳು ಎಂಬ ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ. ಅದರಲ್ಲಿ ವಸ್ತುವಿನ ವಿವರ, ಕೊಡುವವರ ವಿವರ, ಕೊನೆಯಲ್ಲಿ ‘ಉಡುಗೊರೆ ನೀಡಲು ಕಾರಣ’ ಎಂಬ ಎರಡು ಬೆರಳಗಲದ ಜಾಗ. ಆ ಜಾಗದಲ್ಲಿ ಎಲ್ಲರೂ ‘ಕೃತಜ್ಞತೆ’ ಎಂದು ಬರೆದಿದ್ದರು. ಬುದ್ಧಿವಂತರು. ನಾನು ಬರೆದದ್ದು ಇದು: ‘ಸದರಿ ಶಿಕ್ಷಕಿಯವರಿಗೆ ಹತ್ತಿರದ ಸಣ್ಣ ಅಕ್ಷರಗಳು, ಉದಾಹರಣೆಗೆ ಔಷಧಿ ಸೀಸೆಯ ಮೇಲಿನ ಬರಹ, ಸ್ಪಷ್ಟವಾಗಿ ಕಾಣಿಸದಿರುವುದನ್ನು ವೃತ್ತಿಪರಳಾಗಿ ಗಮನಿಸಿದ್ದರಿಂದ.’

ಔಷಧಿ ಸೀಸೆ ಅಲ್ಲಿಗೆ ಯಾಕೆ ಬಂತು? ಉಡುಗೊರೆಗಳನ್ನೆಲ್ಲ ನಮೂನೆ ಸಮೇತ ಮುಂಬಾಗಿಲ ಹತ್ತಿರದ ಮೇಜಿನ ಮೇಲೆ ಜೋಡಿಸಿಡುತ್ತಾರೆ. ಬಂದುಹೋಗುವ ಪೋಷಕರು ಬಗ್ಗಿ ಓದುತ್ತಾರೆ. ಕೈಚೀಲ ಕೊಟ್ಟವರು ನನ್ನ ಸಾಲನ್ನು ಓದಿ, ‘ಅಬ್ಬಾ, ಇವಳು ಎಷ್ಟು ಯೋಚನೆ ಮಾಡಿ ಕೊಟ್ಟಿದ್ದಾಳೆ’ ಅಂದುಕೊಳ್ಳಲಿ ಎಂದು ಬರೆದೆ. ಬೇರೆ ಕಾರಣ ಇರಲಿಲ್ಲ. ಇದನ್ನು ಗಂಡನ ಹತ್ತಿರವೂ ಒಪ್ಪಿಕೊಂಡಿರಲಿಲ್ಲ, ಈಗ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಇನ್ನೂ ಒಪ್ಪಿಕೊಳ್ಳಬೇಕಾದದ್ದು ಇದೆ. ಆ ಸಾಲು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ತಿಂಗಳು ಮಗಳಿಗೆ ಕೆಮ್ಮು ಇದ್ದಾಗ ಔಷಧಿ ಕಳಿಸಿದ್ದೆ. ಅಂದು ಅಪರೂಪಕ್ಕೆ ಬೇಗ ಹೋಗಿದ್ದೆ, ಬಾಗಿಲ ಬಳಿ ಚಪ್ಪಲಿ ಬಿಡುತ್ತಾ ನಿಂತಿದ್ದೆ. ಗುಬ್ಬಿ ಮಿಸ್ ಸೀಸೆ ಹಿಡಿದು ಅಡುಗೆಮನೆಯ ಕಿಟಕಿಗೆ ಹೋದರು. “ಅಕ್ಕಾ, ಸ್ವಲ್ಪ ಓದಿ.” ಅಡುಗೆಯಾಕೆ ಕೈ ಒರೆಸಿಕೊಂಡು ಸೀಸೆ ತೆಗೆದುಕೊಂಡರು. ಬೇಳೆಯಲ್ಲಿ ಕಲ್ಲು ಹೆಕ್ಕುವ ಕಣ್ಣು ಅವರದು. ಮಗುವಿನ ಹೆಸರು, ಔಷಧಿಯ ಹೆಸರು, ಎಷ್ಟು, ಎಷ್ಟು ಹೊತ್ತಿಗೆ, ಎಲ್ಲ ಗಟ್ಟಿಯಾಗಿ ಓದಿದರು. ಮಿಸ್ ಅದನ್ನು ಮತ್ತೆ ಹೇಳಿದರು. ಅಳತೆಯ ಮುಚ್ಚಳಕ್ಕೆ ಹೊಯ್ದ ಮೇಲೆ ಅಡುಗೆಯಾಕೆ ಬಗ್ಗಿ ಗೆರೆ ನೋಡಿ “ಸರಿ ಇದೆ, ಹಾಕಿ” ಎಂದರು. ಆಮೇಲೆ ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ಇಬ್ಬರೂ ಸಹಿ ಮಾಡಿದರು. ಎರಡು ವರ್ಷದಿಂದ ಪ್ರತಿ ಮಗುವಿಗೂ, ಪ್ರತಿ ಹನಿಗೂ ಅದೇ ಪದ್ಧತಿ. ತಮ್ಮ ಕಣ್ಣಿನ ಮೇಲೆ ಅನುಮಾನ ಬಂದ ದಿನವೇ ಆಕೆ ಇನ್ನೊಬ್ಬರ ಕಣ್ಣನ್ನು ಕೇಳಿ ಪಡೆದಿದ್ದರು. ಇದನ್ನು ನಾನು ನಮೂನೆಯಲ್ಲಿ ಬರೆಯಲಿಲ್ಲ. ಬರೆದಿದ್ದರೆ, ‘ಹಾಗಾದರೆ ಕನ್ನಡಕ ಇಲ್ಲದೆಯೂ ನಡೆಯುತ್ತಿತ್ತಲ್ಲ’ ಅನ್ನಿಸಿ ನನ್ನ ಉಡುಗೊರೆಯ ಹೊಳಪು ಒಂದು ತೂಕ ಕಡಿಮೆಯಾಗುತ್ತಿತ್ತು. ಅಷ್ಟಕ್ಕಾಗಿ ಬಿಟ್ಟೆ.

ನನ್ನ ತಪ್ಪನ್ನು ಹೇಳಿದ್ದಾಯಿತು, ಇನ್ನು ನಿಮ್ಮದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ, ಒಬ್ಬ ಕನ್ನಡಕದವಳು ಬರೆದ ಒಂದು ಸಾಲನ್ನು ಹಿಡಿದು, ‘ದೃಷ್ಟಿದೋಷವನ್ನು ಮರೆಮಾಚಿ ಮಕ್ಕಳಿಗೆ ಔಷಧಿ ನೀಡಿರುವುದು ಪೋಷಕರ ಲಿಖಿತ ಹೇಳಿಕೆಯಿಂದ ದೃಢಪಟ್ಟಿದೆ’ ಎಂದು ಬರೆದುಬಿಟ್ಟಿರಲ್ಲ, ಹೇಳಿಕೆ ಕೊಟ್ಟವಳನ್ನು ಒಂದು ಮಾತು ಕೇಳಿದಿರಾ? ಅಡುಗೆಯಾಕೆಯನ್ನು ಕೇಳಿದಿರಾ? ಗೋಡೆಯ ಮೇಲಿನ ಪುಸ್ತಕದ ಒಂದು ಹಾಳೆ ತಿರುವಿದಿರಾ? ಕಣ್ಣು ಕಾಣದಿದ್ದದ್ದು ಅಪರಾಧವಾದರೆ, ಕನ್ನಡಕ ಬಂದ ದಿನಕ್ಕೆ ಆ ಅಪರಾಧ ಮುಗಿಯಿತಲ್ಲ? ಕನ್ನಡಕವಿಲ್ಲದೆ ಎರಡು ವರ್ಷ ದುಡಿಸಿಕೊಂಡು, ಕನ್ನಡಕ ಹಾಕಿಕೊಂಡ ಮೂರನೇ ದಿನ ಮನೆಗೆ ಕಳಿಸುವುದು ಯಾವ ಸೀಮೆಯ ಮುನ್ನೆಚ್ಚರಿಕೆ? ನಲವತ್ತೈದು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ತಲೆಕೂದಲು ನರೆತಷ್ಟೇ ಸಹಜ. ಆ ಆದೇಶಕ್ಕೆ ಸಹಿ ಹಾಕುವಾಗ ನಿಮ್ಮ ಮೂಗಿನ ಮೇಲೆ ಏನಿತ್ತು ಎಂದು ನಾನು ಕೇಳುವುದಿಲ್ಲ. ನಿಮ್ಮ ಕಣ್ಣಿನ ಚೀಟಿ ನನ್ನ ಅಂಗಡಿಯ ಕಪಾಟಿನಲ್ಲಿ ಇರಬಹುದು, ಇಲ್ಲದಿರಲೂಬಹುದು. ಇನ್ನೊಬ್ಬರ ಕಣ್ಣಿನ ವಿಷಯವನ್ನು ಕಾಗದದ ಮೇಲೆ ಬರೆಯಬಾರದು ಎಂಬ ಪಾಠ ನನಗೆ ಸಿಕ್ಕಾಗಿದೆ.

ನಿಮ್ಮ ಕಚೇರಿಗೂ ಬಂದಿದ್ದೆ. ಮೂರನೇ ಕಿಟಕಿಯ ಗುಮಾಸ್ತರು ನನ್ನ ಅರ್ಜಿಯನ್ನು ಮೊದಲು ಮೂಗಿನ ಹತ್ತಿರ ಹಿಡಿದರು, ಆಮೇಲೆ ತೋಳು ಚಾಚಿ ದೂರ ಹಿಡಿದರು, ಕೊನೆಗೆ ಕಿಟಕಿಯ ಬೆಳಕಿಗೆ ತಿರುಗಿಸಿ ಓದಿದರು.

“ಹೇಳಿಕೆ ಕೊಡೋಕೆ ನಮೂನೆ ಇದೆ ಮೇಡಂ,” ಎಂದರು. “ವಾಪಸ್ ತಗೊಳ್ಳೋಕೆ ಇಲ್ಲ.”

“ತಪ್ಪಾಗಿ ಕೊಟ್ಟಿದ್ರೆ?”

“ತಪ್ಪಾಗಿ ಕೊಟ್ಟಿದೀರಾ?”

“ಇಲ್ಲ. ಅರ್ಧ ಕೊಟ್ಟಿದೀನಿ.”

“ಅರ್ಧಕ್ಕೆ ಯಾವ ವಿಭಾಗಕ್ಕೆ ಹೋಗ್ಬೇಕೋ ನಂಗೊತ್ತಿಲ್ಲ,” ಎಂದು ಮುದ್ರೆ ಒತ್ತಿ ಕಳಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ, ನನಗೂ ಅದು ಗೊತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತಿಗಾದರೂ ಎದುರಿಗೆ ಹೋಗಿ ನಿಲ್ಲಬೇಕಲ್ಲ ಎಂದು ಕಳೆದ ಭಾನುವಾರ ಗುಬ್ಬಿ ಮಿಸ್ ಮನೆಗೆ ಹೋದೆ. ಎರಡನೇ ಮಹಡಿ, ಮೆಟ್ಟಿಲ ತುದಿಯಲ್ಲಿ ಒಂದು ಜೊತೆ ಚಪ್ಪಲಿ. ಮುಖದ ಮೇಲೆ ಬಾಗಿಲು ಹಾಕಲಿ ಎಂದೇ ಬೇಡಿಕೊಳ್ಳುತ್ತಾ ಗಂಟೆ ಒತ್ತಿದ್ದೆ. ಅವರು ಬಾಗಿಲು ತೆಗೆದು “ಒಳಗ್ ಬನ್ನಿ, ಚಹಾ ಇಡ್ತಿದ್ದೆ” ಎಂದರು. ಕುತ್ತಿಗೆಯಲ್ಲಿ ಹಳದಿ ದಾರ, ಕನ್ನಡಕ ಎದೆಯ ಮೇಲೆ ತೂಗುತ್ತಿತ್ತು. ಚಹಾ ಬಂದದ್ದು ‘ಪ್ರಪಂಚದ ಅತ್ಯುತ್ತಮ ಶಿಕ್ಷಕಿ’ ಕಪ್ಪಿನಲ್ಲಿ. ಅವರ ಕೈಯಲ್ಲಿದ್ದದ್ದೂ ಅದೇ ಬರಹದ ಕಪ್ಪು. ಹಿಂದಿನ ಗೂಡಿನಲ್ಲಿ ಇನ್ನೂ ಎರಡು ಸಾಲು ಇದ್ದವು.

ನಾನು ಎಲ್ಲವನ್ನೂ ಹೇಳಿದೆ, ಮೇಜಿನ ಮೇಲೆ ಜನ ಓದಲಿ ಎಂದು ಬರೆದದ್ದನ್ನೂ. ಅವರು ಕಪ್ ಕೆಳಗಿಟ್ಟು ಕನ್ನಡಕವನ್ನು ಕೈಗೆತ್ತಿಕೊಂಡರು. “ನೀವ್ ಕೊಟ್ಟ ಕನ್ನಡಕ ಚೆನ್ನಾಗಿದೆ. ಎಲ್ಲಾ ಕಾಣುತ್ತೆ,” ಎಂದರು. “ಎರಡು ದಿನ ಮಕ್ಕಳಿಗೆ ಕಥೆ ಓದ್ದೆ. ಎಷ್ಟ್ ವರ್ಷದಿಂದ ಆ ಪುಸ್ತಕಾನ ಬಾಯಿಪಾಠದಲ್ಲೇ ಹೇಳ್ತಿದ್ದೆ ಗೊತ್ತಾ, ಮಧ್ಯದಲ್ಲಿ ಒಂದು ಸಾಲನ್ನೇ ಬಿಟ್ಬಿಟ್ಟಿದ್ದೆ. ಮೂರನೇ ದಿನ ಆ ಆದೇಶ ಬಂತು. ಅದನ್ನೂ ಇದರಲ್ಲೇ ಓದ್ದೆ. ಒಂದಕ್ಷರ ಮಸುಕಾಗಲಿಲ್ಲ.” ವ್ಯಂಗ್ಯ ಇರಲಿಲ್ಲ ಅವರ ಧ್ವನಿಯಲ್ಲಿ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಹೊರಡುವಾಗ ಕೇಳಿದ್ದು ಒಂದೇ: “ಮರಿ ಮಧ್ಯಾಹ್ನ ನಿದ್ದೆ ಮಾಡ್ತಾಳಾ? ಬಲಗಡೆ ಮಗ್ಗುಲಿಗೆ ಮಲಗಿಸಿದ್ರೆ ಬೇಗ ಮಲಗ್ತಾಳೆ. ಹೊಸಬರಿಗೆ ಹೇಳ್ಬಿಡಿ.”

ಹೊಸಬರು ಬಂದಿದ್ದಾರೆ. ಚಿಕ್ಕ ವಯಸ್ಸು, ಮೃದು ಮಾತು, ಚುರುಕು ಕಣ್ಣು. ಅವರದೇನೂ ತಪ್ಪಿಲ್ಲ. ಮೊನ್ನೆ ಮಗಳು ನೆಲದ ಮೇಲೆ ಬೋರಲು ಬಿದ್ದುಕೊಂಡು ಚಿತ್ರ ಬರೆಯುತ್ತಿದ್ದಳು. ಹಳದಿ ಕೊಕ್ಕಿನ ಹಕ್ಕಿ. “ಚೆನ್ನಾಗಿದೆ ಕಣೇ, ನಾಳೆ ಹೊಸ ಮಿಸ್ಸಿಗೆ ಕೊಡೋಣ್ವಾ?” ಎಂದೆ. ಅವಳು ಹಾಳೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು.

“ಬೇಡಮ್ಮ. ಏನೂ ಕೊಡಬೇಡ. ಕೊಟ್ರೆ ಇವರೂ ಹೋಗ್ಬಿಡ್ತಾರೆ.”

ಮಾನ್ಯರೇ, ಕೊಟ್ಟ ವಸ್ತುವನ್ನು ವಾಪಸ್ ಕೇಳುವವರು ಸಣ್ಣ ಮನಸ್ಸಿನವರು ಎಂಬ ಮಾತಿದೆ. ನಾನು ಆ ಹೆಸರು ಹೊತ್ತುಕೊಳ್ಳಲು ಸಿದ್ಧ. ನನ್ನ ವಾಕ್ಯವನ್ನು ನನಗೆ ವಾಪಸ್ ಕೊಡಿ. ಅದಕ್ಕೆ ನಮೂನೆ ಇಲ್ಲದಿದ್ದರೆ ಈ ಪತ್ರವನ್ನೇ ನಮೂನೆ ಮಾಡಿಕೊಳ್ಳಿ. ಅಡುಗೆಯಾಕೆಯನ್ನು ಕರೆಸಿ ಕೇಳಿ, ಗೋಡೆಯ ಮೇಲಿನ ಪುಸ್ತಕವನ್ನು ತರಿಸಿ ಓದಿ, ಅಕ್ಷರ ಸಣ್ಣದಾಗಿ ಕಂಡರೆ ಯಾರನ್ನಾದರೂ ಓದಿ ಹೇಳಲು ಕೇಳಿಕೊಳ್ಳಿ, ಅದು ಅವಮಾನವಲ್ಲ. ಗುಬ್ಬಿ ಮಿಸ್ಸನ್ನು ಆ ಕೋಣೆಗೆ ವಾಪಸ್ ಕಳಿಸಿ. ನನಗೆ ಏನು ಶಿಕ್ಷೆ ಬೇಕೋ ವಿಧಿಸಿ, ನಾನು ಜಗಳವಾಡುವುದಿಲ್ಲ. ಆದರೆ ಕೊಟ್ಟರೆ ಹೋಗಿಬಿಡುತ್ತಾರೆ ಎಂದು ನಾಲ್ಕು ವರ್ಷದ ಮಗು ಕಲಿತಿದೆ, ಅದನ್ನು ಮರೆಸುವ ಶಕ್ತಿ ನನಗಿಲ್ಲ. ಅದು ನಿಮ್ಮ ಒಂದು ಸಹಿಗೆ ಮಾತ್ರ ಇದೆ.

ಇಂತಿ,
ಅರ್ಧ ಬರೆದು ಪೂರ್ತಿ ಸಹಿ ಹಾಕಿದವಳು,
ದಿನಾ ಆರೂ ಕಾಲಿಗೆ ಬರುವ ಆ ಮಗುವಿನ ತಾಯಿ