ಕೀ ನಿನ್ನ ಜೇಬಿನಲ್ಲಿರಲಿ

ಪ್ರೀತಿಯ ಅಪ್ಪಾ,

ಹೇಳಿಬಿಡೋಣವೆಂದು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ನೀನು "ಊಟ ಆಯ್ತಾ?" ಅಂದೆ, ನಾನು "ಆಯ್ತು" ಎಂದು ಇಟ್ಟುಬಿಟ್ಟೆ. ಎರಡು ಸಲ ಆಗಿರಲಿಲ್ಲ. ಅದಕ್ಕೇ ಈ ಕಾಗದ. ಕೈಯಲ್ಲಿ ಸ್ಪ್ಯಾನರ್ ಇದ್ದರೆ ಕೆಳಗಿಟ್ಟು ಓದು.

ನಿನ್ನೆ ಅತ್ತೆ ಹೇಳಿದರು: "ನಿಮ್ಮಪ್ಪ ಭಾನುವಾರ ಬೋಟು ರಿಪೇರಿ ಶೆಡ್ಡಿನ ಬೀಗದಕೈ ಬೇರೆಯವರಿಗೆ ಕೊಡ್ತಾನಂತೆ ಕಣೇ. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ, ಇನ್ನು ಬೋಟು ಮುಟ್ಟಲ್ಲ ಅಂತ ಹಟ ಹಿಡಿದು ಕೂತಿದಾನೆ."

ನಿನ್ನ ಕೈಗೆ ಏನೂ ಆಗಿಲ್ಲ ಅಪ್ಪಾ. ಮೀಸೆ ಮಾವನ ಬೋಟು ಕೆಡಿಸಿದ್ದು ನಾನು.

ನನಗೆ ಏಳು ವರ್ಷವಿದ್ದಾಗ ಟ್ರಾಲಿಯ ಮೇಲೆ ನಿಂತಿದ್ದ ಬೋಟಿನ ಹಿಂದೆ ನನ್ನನ್ನು ನಿಲ್ಲಿಸಿದ್ದೆಯಲ್ಲ, ಅದು ನೆನಪಾಗುತ್ತಲೇ ಇದೆ. ಇಂಜಿನ್ ಆಫ್ ಆಗಿತ್ತು. ಪ್ರೊಪೆಲ್ಲರ್ ತಿರುಗಿಸುವ ಹಿಂಬದಿಯ ಸ್ಟರ್ನ್‌ಡ್ರೈವ್‌ನಲ್ಲಿ ಗೇರ್ ಬೀಳುತ್ತದೋ ಇಲ್ಲವೋ ನೋಡಬೇಕಿತ್ತು. ಮೊದಲು ಬೋಟಿನ ಕೀ ಕಿತ್ತು ನನ್ನ ಫ್ರಾಕಿನ ಜೇಬಿಗೆ ಹಾಕಿದೆ. "ಪ್ರೊಪೆಲ್ಲರ್ ಮುಟ್ಟೋರ ಜೇಬಲ್ಲೇ ಕೀ ಇರಬೇಕು ಮರಿ. ಆಗ ನಾನು ಮೈಮರೆತರೂ ನಿನ್ನ ಬೆರಳು ನಿನ್ನ ಹತ್ರಾನೇ ಇರುತ್ತೆ." ಆಮೇಲೆ ಮೇಲೆ ಹತ್ತಿ ಲಿವರ್ ಹಿಡಿದೆ. "ತಿರುಗಿಸು... ಮೆಲ್ಲಗೆ... ಹಿಟ್ಟು ಬೀಸ್ತಿದೀಯೇನೇ ಗಾಬರಿ ಮರಿ, ಮೆಲ್ಲಗೆ!" ಒಳಗೆಲ್ಲೋ ಹಲ್ಲಿಗೆ ಹಲ್ಲು ಕೂತು 'ಕ್ಲಕ್' ಎಂದಿತು. ಪ್ರೊಪೆಲ್ಲರ್ ನನ್ನ ಕೈಯಲ್ಲೇ ಗಟ್ಟಿಯಾಗಿ ನಿಂತಿತು. "ಒಂದೇ ಕೈಲಿ ಚಪ್ಪಾಳೆ ಆಗಲ್ಲ. ಇಂಜಿನ್ ಮಲಗಿದ್ದಾಗ ಗೇರ್ ಹಾಕೋಕೆ ಇಬ್ಬರು ಬೇಕು" ಅಂದೆ.

ಇಷ್ಟು ಗೊತ್ತಿದ್ದೂ ಮಾಡಿದೆ.

ಕಾಲೇಜಿನ ಮೊದಲ ಮೌಖಿಕ ಪರೀಕ್ಷೆಯಲ್ಲಿ, ಅದೇ ವೈವಾದಲ್ಲಿ, ಗೇರ್ ಬಗ್ಗೆ ಕೇಳಿದಾಗ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಕ್ಲಾಸಿನವರೆಲ್ಲ ಪಟಪಟ ಇಂಗ್ಲಿಷಿನಲ್ಲಿ ಉದುರಿಸಿದರು. ರಜೆಗೆ ಬಂದವಳು, ಇವರಿಗೆಲ್ಲ ತೋರಿಸಬೇಕು, ನಾನು ಬೋಟ್ ಮೆಕ್ಯಾನಿಕ್ ಮಗಳು ಅಂದುಕೊಂಡೆ. ಬೆಳಿಗ್ಗೆ ನೀನು ಮೀಸೆ ಮಾವನ ಬೋಟಿಗೆ ಹೊಸ ಗೇರ್ ಕೇಬಲ್ ಕೂರಿಸಿ ಚಹಾ ಕುಡಿಯಲು ಹೋಗಿದ್ದೆ. ನನ್ನ ಒಂದು ಕೈಯಲ್ಲಿ ಫೋನಿನ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಲಿವರ್. ಪ್ರೊಪೆಲ್ಲರ್ ತಿರುಗಿಸಲು ಯಾರೂ ಇಲ್ಲ. ಲಿವರ್ ಜಗ್ಗಲಿಲ್ಲ. ವಿಡಿಯೋ ಓಡುತ್ತಿತ್ತಲ್ಲ, ಮರ್ಯಾದೆ ಪ್ರಶ್ನೆ. ಮೈಭಾರ ಬಿಟ್ಟು ಒತ್ತಿದೆ. ಏನೋ ಸಡಿಲವಾದಂತೆ 'ಟಕ್' ಎಂದಿತು. ಹೆದರಿ ಲಿವರನ್ನು ನ್ಯೂಟ್ರಲ್‌ಗೆ ತಂದಿಟ್ಟು, ಏನೂ ಆಗಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೋಟನ್ನು ನೀರಿಗಿಳಿಸಿ ಮೀಸೆ ಮಾವ ಸ್ಟಾರ್ಟ್ ಮಾಡಿದರು. ಲಿವರ್ ನ್ಯೂಟ್ರಲ್‌ನಲ್ಲಿದ್ದರೂ ಒಳಗೆ ಗೇರ್ ಬಿದ್ದೇ ಇತ್ತು; ಬೋಟು ಮುನ್ನುಗ್ಗಿ ಕಟ್ಟೆಗೆ ಮೂತಿ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮಾವ ನಗುತ್ತಲೇ, "ನಿನ್ನ ಕೈಗೂ ವಯಸ್ಸಾಯ್ತಲ್ಲೋ ಮಾರಾಯ!" ಅಂದರು. ನೀನು ಕೇಬಲ್ ಬಿಚ್ಚಿ, ಬಾಗಿದ್ದ ಕಡೆ ಬೆರಳಾಡಿಸಿ, "ಹೌದು, ಕೂರಿಸುವಾಗ ನಾನೇ ಬಗ್ಗಿಸಿಬಿಟ್ಟಿದೀನಿ" ಎಂದೆ. ನಲ್ಲಿಯ ಹತ್ತಿರ ಸೋಪು ಹಾಕಿ ಕೈ ತೊಳೆದೆ. ತೊಳೆದ ಮೇಲೂ ಅಂಗೈ ಮಗುಚಿ ಮಗುಚಿ ನೋಡಿಕೊಂಡೆ, ಬೇರೆ ಯಾರದೋ ಕೈ ಎಂಬಂತೆ.

ನಾನು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದೆ. ಹಾಸ್ಟೆಲಿನಲ್ಲಿ ಕಲಿತ ಮೊದಲ ಪಾಠವೆಂದರೆ, ಯಾರು ಮಾಡಿದ್ದು ಎಂದು ವಾರ್ಡನ್ ಕೇಳಿದಾಗ ನೆಲ ನೋಡುವುದು. ನೀನು ಕೇಳಲೇ ಇಲ್ಲ. ಆದರೂ ನೆಲ ನೋಡಿದೆ.

ಆ ಹನ್ನೊಂದು ಸೆಕೆಂಡಿನ ವಿಡಿಯೋ ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಅದರ ಕೊನೆಗೆ ಆ 'ಟಕ್' ಇದೆ. ನಾನು ಬಂದಾಗ ನೀನೇ ಕೇಳು, ನಿನ್ನ ಕಿವಿಗೆ ಗೊತ್ತಾಗುತ್ತದೆ, ಎಲ್ಲಿ ಬಾಗಿತು, ಯಾರಿಂದ ಬಾಗಿತು ಎಂದು.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೊದಲು ಮೀಸೆ ಮಾವನ ಮನೆಗೆ ಹೋಗಿ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ಬೀಗದಕೈ ಯಾರಿಗೂ ಕೊಡಬೇಡ. ಹೊಸ ಕೇಬಲ್ ನೀನೇ ಕೂರಿಸು. ಗೇರ್ ನೋಡುವಾಗ ಈ ಸಲ ಲಿವರ್ ನಾನು ಹಿಡಿಯಲೇ? ಪ್ರೊಪೆಲ್ಲರ್ ನೀನು ತಿರುಗಿಸು. ಕೀ ನಿನ್ನ ಜೇಬಿನಲ್ಲಿರಲಿ. ಇದನ್ನೆಲ್ಲ ಓದಿದ ಮೇಲೆ ನನ್ನ ಕೈಗೆ ಲಿವರ್ ಕೊಡಲು ಮನಸ್ಸು ಬಾರದಿದ್ದರೆ ಬೇಡ. ಎಂದಿನಂತೆ ಹಿಂದೆ ನಿಲ್ಲುತ್ತೇನೆ. ನೀನು ಮೇಲಿನಿಂದ "ಮೆಲ್ಲಗೆ" ಅಂದರೆ ಸಾಕು.

ನಿನ್ನ ಕೈ ನೂರು ಕಾಲ ಗಟ್ಟಿಯಾಗಿರಲಿ.

ನಿನ್ನ,
ಗಾಬರಿ ಮರಿ